ಆರೋಗ್ಯದ ಮಾಹಿತಿಯೂ ಅಮಾನತ್

ಈಗ ಅನೇಕ ಸರಕಾರಿ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿಗೂ ಮೊಬೈಲ್‌ನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬಹುದು. 2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಯಸಿದವರಿಗೆ 14 ಅಂಕಿಯ ಆಭಾ ಸಂಖ್ಯೆ ಕೊಡುತ್ತದೆ. ಲ್ಯಾಬ್ ವರದಿ, ಔಷಧ ಚೀಟಿಗಳನ್ನು ಅದಕ್ಕೆ ಜೋಡಿಸಿದರೆ, ಯಾವ ಔಷಧ ನಮಗೆ ಒಗ್ಗುವುದಿಲ್ಲ ಎಂಬುದು ಹೊಸ ವೈದ್ಯರಿಗೂ ತಿಳಿಯುತ್ತದೆ. ಒಂದೇ ಪರೀಕ್ಷೆಗೆ ಎರಡು ಸಲ ಹಣ ತೆರುವುದು ತಪ್ಪುತ್ತದೆ. ಇದು ಬಡವರಿಗೆ ದೊಡ್ಡ ಉಪಕಾರ.

ಆದರೆ 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದು, ಹಲವು ದಿನ ಅಲ್ಲಿನ ಕೆಲಸ ಕೈಬರಹದಲ್ಲೇ ಸಾಗಿತು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಕ್ಷಯವೋ ಮಾನಸಿಕ ಕಾಯಿಲೆಯೋ ಇದೆಯೆಂಬ ಗುಟ್ಟು ಹೊರಬಿದ್ದರೆ ಕೆಲಸ ಹೋಗಬಹುದು, ಮದುವೆಯ ಮಾತುಕತೆ ಮುರಿಯಬಹುದು.

ಈ ವ್ಯವಸ್ಥೆಯಲ್ಲಿ ರೋಗಿಯ ಒಪ್ಪಿಗೆಯಿಲ್ಲದೆ ದಾಖಲೆ ಹಂಚುವಂತಿಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಆದರೆ ಮನೆಯ ಹಿರಿಯರ ಮೊಬೈಲ್‌ಗೆ ಬರುವ ಒಟಿಪಿ ಓದಿ ಗುಂಡಿ ಒತ್ತುವವರು ವಿದ್ಯಾರ್ಥಿಗಳಾದ ನಾವೇ. ಒಪ್ಪಿಗೆ ಅವರದು, ಬೆರಳು ನಮ್ಮದು. ಯಾರಿಗೆ, ಯಾವ ದಾಖಲೆ, ಎಷ್ಟು ದಿನಕ್ಕೆ ಎಂದು ಅವರಿಗೆ ಓದಿ ಹೇಳಿ, ಅವರು ಹೂಂ ಎಂದ ಮೇಲೆ ಒತ್ತೋಣ. ಅಮಾನತ್ ಎಂದರೆ ಹಣ, ಒಡವೆ ಮಾತ್ರವಲ್ಲ.