ಕಲ್ಲು ತೂರಾಟ ನಿಂತರೂ ನಿಲ್ಲದ ದೃಶ್ಯ: ಮಕ್ಕಳ ಗತಿಯೇನು?

ದಾವಣಗೆರೆ: ಹಿಜಾಬ್ ವಿವಾದ ಕಾಲೇಜುಗಳಿಂದ ಬೀದಿಗಿಳಿದ 2022ರ ಫೆಬ್ರುವರಿ 8ರಂದು ಹರಿಹರದಲ್ಲಿ ಕಲ್ಲು ತೂರಾಟ ನಡೆಯಿತು. ದಾವಣಗೆರೆ ನಗರ ಹಾಗೂ ಹರಿಹರದಲ್ಲಿ ನಿಷೇಧಾಜ್ಞೆ ಜಾರಿಯಾಯಿತು. ಅಂದೇ ಸರ್ಕಾರ ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ ಘೋಷಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಗಣೇಶ ಮೆರವಣಿಗೆಯ ವೇಳೆ ದಾವಣಗೆರೆಯಲ್ಲಿ ಮತ್ತೆ ಕಲ್ಲುಗಳು ಹಾರಿದವು.

ಎರಡೂ ಬಾರಿ ಪರಿಸ್ಥಿತಿ ತಹಬಂದಿಗೆ ಬಂತು. ಆದರೆ ಬೀದಿಯಲ್ಲಿ ಮುಗಿದ ಗಲಭೆ ಮನೆಯೊಳಗಿನ ತೆರೆಯ ಮೇಲೆ ಮುಗಿಯುವುದಿಲ್ಲ. ಶಾಲೆ ಮುಚ್ಚಿ ಮನೆಯಲ್ಲಿ ಕುಳಿತ ಮಗುವಿಗೆ ಅದೇ ದೃಶ್ಯ ಟಿ.ವಿ.ಯಲ್ಲೂ ಮೊಬೈಲ್‌ನಲ್ಲೂ ಪದೇ ಪದೇ ಕಾಣುತ್ತದೆ.

ಸಂಶೋಧನೆ ಏನೆನ್ನುತ್ತದೆ?

ದೊಡ್ಡವರು ಬೊಂಬೆಯೊಂದನ್ನು ಥಳಿಸುವುದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಥಳಿಸುತ್ತಾರೆಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಆಲ್ಬರ್ಟ್ ಬಂಡೂರ 1961ರಲ್ಲಿ ತೋರಿಸಿದರು. ಚಲನಚಿತ್ರದಲ್ಲಿ ಕಂಡರೂ ಪರಿಣಾಮ ಅದೇ ಎಂಬುದು 1963ರಲ್ಲಿ ಸ್ಪಷ್ಟವಾಯಿತು.

ನಗರ ಪ್ರದೇಶಗಳ 4,458 ಶಾಲಾ ಮಕ್ಕಳನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಮುಖ್ಯವಾದುದು. ನೆರೆಹೊರೆಯ ಹಿಂಸೆಯನ್ನು ಕಂಡ ಮಕ್ಕಳಲ್ಲಿ ಆಕ್ರಮಣಶೀಲತೆ ಹೆಚ್ಚಿತ್ತು. ಕಿರಿಯರು ಕಂಡದ್ದನ್ನು ಅನುಕರಿಸುವಂತೆ ತೋರಿದರೆ, ವಯಸ್ಸು ಏರಿದಂತೆ ‘ಹೊಡೆಯುವುದು ತಪ್ಪಲ್ಲ’ ಎಂಬ ನಂಬಿಕೆಯೂ ಬೇರೂರುತ್ತಿತ್ತು. ಅನುಕರಣೆಯನ್ನು ತಿದ್ದುವುದು ಸುಲಭ, ನಂಬಿಕೆಯನ್ನು ಕೀಳುವುದು ಕಷ್ಟ.

ಹಾಗೆಂದು ಹಿಂಸೆ ಕಂಡ ಮಕ್ಕಳೆಲ್ಲ ಪುಂಡರಾಗುತ್ತಾರೆಂದು ಭಾವಿಸುವುದು ಸಲ್ಲದು. ಘೋರ ಅಪರಾಧಗಳಿಗೆ ವಿಡಿಯೊ ಗೇಮ್‌ಗಳನ್ನು ಹೊಣೆ ಮಾಡಲು ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಮನೋವಿಜ್ಞಾನ ಸಂಘ 2020ರಲ್ಲಿ ಹೇಳಿತು. ಕೂಗಾಟ, ತಳ್ಳಾಟದಂಥ ವರ್ತನೆಯೊಂದಿಗೆ ಅವಕ್ಕೆ ಸಣ್ಣ ಪ್ರಮಾಣದ ನಂಟಿದೆ ಎಂದೂ ಅದು ಒಪ್ಪಿತು. ಮನೆಯ ವಾತಾವರಣ, ಬಡತನ, ಗೆಳೆಯರ ಸಹವಾಸ ಎಲ್ಲವೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ.

ರಜೆಯೊಂದೇ ಉತ್ತರವಲ್ಲ

ಪರದೆಯ ಹಿಂಸೆ ಅಪರಿಚಿತರದು. ಊರಿನ ಗಲಭೆಯಲ್ಲಾದರೋ ಮಗು ದಿನವೂ ನಡೆಯುವ ರಸ್ತೆ ಕಾಣುತ್ತದೆ, ಗುರುತಿನ ಮುಖಗಳೂ ಕಾಣಬಹುದು. ಕಲ್ಲೆಸೆದವನನ್ನು ಹಿರಿಯರೇ ಮೆಚ್ಚಿ ಮಾತನಾಡಿದರೆ ಪಾಠ ಪೂರ್ಣವಾದಂತೆಯೇ. ಪಕ್ಕದ ಬೆಂಚಿನ ಸಹಪಾಠಿ ‘ಅವರ ಕಡೆಯವನು’ ಆಗಿಬಿಡುವುದು ಇಂತಹ ಹೊತ್ತಿನಲ್ಲಿಯೇ.

ಮಕ್ಕಳಿಗೆ ಯೋಗ್ಯವಲ್ಲದ ಕಾರ್ಯಕ್ರಮಗಳನ್ನು ಅವರು ಹೆಚ್ಚಾಗಿ ನೋಡುವ ಹೊತ್ತಿನಲ್ಲಿ ಪ್ರಸಾರ ಮಾಡಬಾರದೆಂದು 1994ರ ಕೇಬಲ್ ಟಿ.ವಿ. ನಿಯಮಗಳು ಹೇಳುತ್ತವೆ. ಕೈಯಿಂದ ಕೈಗೆ ಹರಿದಾಡುವ ಮೊಬೈಲ್ ತುಣುಕಿಗೆ ಹೊತ್ತುಗೊತ್ತಿಲ್ಲ. ಅಲ್ಲಿ ಕಾವಲು ಪಾಲಕರದೇ.

ಶಾಲೆ ಮತ್ತೆ ತೆರೆದ ದಿನ ಉಳಿದ ಪಾಠಕ್ಕೆ ಅವಸರಪಡದೆ, ಮಕ್ಕಳು ಕಂಡದ್ದನ್ನು ಹೇಳಿಕೊಳ್ಳಲು ಒಂದು ತಾಸು ಮೀಸಲಿಟ್ಟರೆ ಖರ್ಚೇನೂ ಇಲ್ಲ. ನಿದ್ದೆಗೆಟ್ಟ, ಭಯಗೊಂಡ ಮಕ್ಕಳಿಗಾಗಿ 1098 ಮಕ್ಕಳ ಸಹಾಯವಾಣಿಯೂ 14416 ಟೆಲಿ ಮಾನಸ್ ಸೇವೆಯೂ ಇವೆ. ಶಾಂತಿ ಸಭೆಗಳಿಗೆ ಮುಖಂಡರನ್ನು ಕರೆಯುವ ಆಡಳಿತ, ಶಿಕ್ಷಕರನ್ನೂ ಮಕ್ಕಳ ಮನೋವೈದ್ಯರನ್ನೂ ಕರೆಯುವುದು ಒಳಿತು. ಮುಂದಿನ ಮೆರವಣಿಗೆಯ ಹೊತ್ತಿಗೆ ಇಂದಿನ ಬಾಲಕರೇ ಯುವಕರಾಗಿರುತ್ತಾರೆ ಎಂಬುದನ್ನು ಮರೆಯಲಾಗದು.