ಹಳೆಯ ಲಾರಿ ಹೋಗಲಿ, ಕೈವಿದ್ಯೆ ಉಳಿಯಲಿ

ಉಮರ್ಗಾದಲ್ಲಿ ಸೋಲಾಪುರ–ಹೈದರಾಬಾದ ರಸ್ತೆಯ ಬದಿಯ ಚಹದಂಗಡಿಯಲ್ಲಿ ಸಂತೆಯ ದಿನ ಸ್ವಲ್ಪ ಹೊತ್ತು ಕುಳಿತರೆ ಹಳೆಯ ಡ್ರಾಯವ್ಹರರ ವಾದ ಕಿವಿಗೆ ಬೀಳುವದು. ಒಬ್ಬರು ಟಾಟಾ-ಮರ್ಸಿಡಿಸ್ ಗಾಡಿಯ ಪಕ್ಷ, ಇನ್ನೊಬ್ಬರು ಲೇಲ್ಯಾಂಡ್ ಕಾಮೆಟ್ ಗಾಡಿಯ ಪಕ್ಷ. ತುಂಬಿದ ಗಾಡಿ ಘಾಟು ಏರುವಾಗ ಯಾವುದರ ಸಪ್ಪಳ ಹೇಗಿತ್ತೆಂಬದನ್ನು ಬಾಯಿಂದಲೇ ಮಾಡಿ ತೋರಿಸುತ್ತಾರೆ. ಹುಡುಗರು ನಗುತ್ತಾರೆ. ನಾವೂ ಒಂದು ಕಾಲಕ್ಕೆ ನಕ್ಕವರೇ. ಆದರೆ ಈ ಮಾತು ಬರೀ ಹರಟೆಯಲ್ಲ, ಒಕ್ಕಲುತನಕ್ಕೆ ಬೇಕಾದ ಒಂದು ಸಂಗತಿ ಇದರಲ್ಲಿದೆ ಎಂದು ನಮಗೆ ಈಚೆಗೆ ತಿಳಿದುಬಂದಿದೆ.

ಉದಗೀರಕ್ಕೆ ರೈಲು ಉಂಟು. ಉಮರ್ಗಾಕ್ಕೂ ನಿಲಂಗಾಕ್ಕೂ ಇಲ್ಲ. ನಮ್ಮ ತೊಗರಿ, ಜೋಳ, ಉದ್ದು ಅಡತಿ ಅಂಗಡಿಯಿಂದ ದೊಡ್ಡ ಪೇಟೆಗೆ ಹೋದದ್ದು ಲಾರಿಯ ಬೆನ್ನ ಮೇಲೆ. ಗೊಬ್ಬರ, ಸಿಮೆಂಟು, ಪತ್ರಾ ಬಂದದ್ದೂ ಅದರ ಮೇಲೆಯೇ. 1972ರ ಬರಗಾಲದಲ್ಲಿ ಪರದೇಶದ ಕೆಂಪು ಜೋಳ ನಮ್ಮ ಹಳ್ಳಿಗಳಿಗೆ ಲಾರಿಯಲ್ಲಿ ಬಂದಿತೆಂದು ಹಿರಿಯರು ಈಗಲೂ ನೆನೆಯುತ್ತಾರೆ. 1993ರ ಸೆಪ್ಟೆಂಬರ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವು ಔಸಾ, ಉಮರ್ಗಾ ತಾಲೂಕುಗಳ ಹಳ್ಳಿಗಳನ್ನು ನೆಲಸಮ ಮಾಡಿದಾಗ ನಾವು ಸಾಲೆಯ ಹುಡುಗರು. ಆ ಮಳೆ ಕೆಸರಿನಲ್ಲಿ ಹಿಟ್ಟು, ಹಾಸಿಗೆ, ತಗಡು ಹೊತ್ತು ಸಾಲುಗಟ್ಟಿ ಬಂದ ಲಾರಿಗಳನ್ನು ಕಣ್ಣಾರೆ ಕಂಡಿದ್ದೇವೆ. 1956ರ ನವೆಂಬರ 1ಕ್ಕೆ ಬೀದರ ಜಿಲ್ಲೆಯ ನಿಲಂಗಾ, ಉದಗೀರ, ಅಹ್ಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಗಡಿ ಸರಿಯಿತು. ಆದರೂ ಹುಮನಾಬಾದ, ಬಸವಕಲ್ಯಾಣಗಳ ಕಡೆಯ ಹೋಕು ಬರವು ನಿಲ್ಲದ ಹಾಗೆ ನೋಡಿಕೊಂಡವರಲ್ಲಿ ಈ ಲಾರಿಯವರೂ ಒಬ್ಬರು.

ಆ ಗಾಡಿಗಳು ಎಲ್ಲಿಂದ ಬಂದವು? ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ 15 ವರ್ಷದ ಕರಾರು ಮಾಡಿಕೊಂಡು 1954ರಲ್ಲಿ ಜಮಶೇದಪುರದಲ್ಲಿ ಲಾರಿ ಕಟ್ಟತೊಡಗಿದರು. 1969ರಲ್ಲಿ ಕರಾರು ಮುಗಿದು, ಮೂತಿಯ ಮೇಲಿನ ಮೂರು ಕೋನಿನ ಚುಕ್ಕಿಯ ಜಾಗದಲ್ಲಿ ಟಾಟಾದ ಗುರುತು ಬಂದಿತು. ಮದ್ರಾಸಿನ ಬಳಿಯ ಎಣ್ಣೂರಿನಲ್ಲಿ 1948ರಲ್ಲಿ ಹುಟ್ಟಿದ ಅಶೋಕ ಮೋಟರ್ಸ್ 1955ರಲ್ಲಿ ಅಶೋಕ ಲೇಲ್ಯಾಂಡ್ ಆಯಿತು. ಮುಂಬಯಿಯ ಪ್ರೀಮಿಯರ್ ಕಾರಖಾನೆಯಿಂದ ಫಾರ್ಗೊ, ಡಾಜ್ ಗಾಡಿಗಳು ಬಂದವು. ಡೀಸೆಲ್ ಪಂಪು, ನಾಜಲ್ಲುಗಳಿಗೆ ಹೆಸರಾದ ಮೈಕೋ ಕಂಪನಿ 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ನಮ್ಮ ಮಿಸ್ತ್ರಿಗಳ ಬಾಯಲ್ಲಿ ಮೈಕೋ ಎಂದರೆ ಇಂದಿಗೂ ಪಂಪು ಎಂದೇ ಅರ್ಥ.

ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಸೂತ್ರ: ತಿಳಿದದ್ದರಿಂದ ತಿಳಿಯದ್ದರ ಕಡೆಗೆ ಹೋಗಬೇಕು. ಸಾಯಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವದನ್ನು ಎಲ್ಲರೂ ಬಲ್ಲೆವು. ಡೀಸೆಲ್ ಎಂಜಿನ್ನಿನ ಮರ್ಮವೂ ಇಷ್ಟೇ. ಪಿಸ್ಟನ್ನು ಗಾಳಿಯನ್ನು ಹದಿನಾರರಿಂದ ಇಪ್ಪತ್ತರಲ್ಲೊಂದು ಪಾಲಿನ ಜಾಗಕ್ಕೆ ಒತ್ತಿದಾಗ ಅದರ ಬಿಸಿ 500 ಡಿಗ್ರಿ ಮೀರುವದು. ಆಗ ನಾಜಲ್ಲಿನಿಂದ ಮಂಜಿನಂತೆ ಸಿಡಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುವದು. ಪೆಟ್ರೋಲ್ ಎಂಜಿನ್ನಿನಂತೆ ಇದಕ್ಕೆ ಕಿಡಿ ಹಾರಿಸುವ ಪ್ಲಗ್ಗು ಬೇಡ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬವರು 1897ರಲ್ಲಿ ಇದನ್ನು ಸಾಧಿಸಿ ತೋರಿಸಿದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ನು ಶೇಂಗಾ ಎಣ್ಣೆಯ ಮೇಲೆ ಓಡಿತೆಂದರೆ ನಮ್ಮ ಒಕ್ಕಲಿಗರು ಬೆರಗಾದಾರು.

ಅಂದರೆ ಅದಕ್ಕೆ ಬೇಕಾದದ್ದು ಮೂರೇ: ಶುದ್ಧ ಗಾಳಿ, ಬಿಗಿ ಒತ್ತಡ, ಹೊತ್ತಿಗೆ ಸರಿಯಾಗಿ ಎಣ್ಣೆ. ಹಳೆಯ ಡ್ರಾಯವ್ಹರನಿಗೆ ಇದು ಪುಸ್ತಕದಿಂದ ಬಂದದ್ದಲ್ಲ. ಕ್ಲೀನರನಾಗಿ ನಾಲ್ಕಾರು ವರ್ಷ ಮೈಗೆ ಎಣ್ಣೆ ಬಳಿದುಕೊಂಡು ಕಲಿತದ್ದು. ಕರಿ ಹೊಗೆ ಕಂಡರೆ ಎಣ್ಣೆ ಹೆಚ್ಚು ಅಥವಾ ಗಾಳಿ ಕಡಿಮೆ. ನೀಲಿ ಹೊಗೆ ಕಂಡರೆ ಎಂಜಿನ್ ಆಯಿಲ್ಲು ಉರಿಯುತ್ತಿದೆ, ರಿಂಗು ಸವೆದಿರಬೇಕು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ಡಿನ ಗ್ಯಾಸ್ಕೆಟ್ಟಿನಿಂದ ನೀರು ಒಳಗೆ ಇಳಿಯುತ್ತಿರಬಹುದು. ವೈದ್ಯನು ನಾಡಿ ನೋಡಿದಂತೆ ಅವನು ಹೊಗೆ ನೋಡುತ್ತಿದ್ದನು.

ಈ ವಿದ್ಯೆಯ ಬೆಲೆ ನಮಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಹೋದ ಹಿಂಗಾರಿಯಲ್ಲಿ ಬಿಳಿಜೋಳದ ಬಿತ್ತನೆಗೆ ಹದ ಬಂದಿತ್ತು. ಅರ್ಧ ಹೊಲ ಬಿತ್ತುವಷ್ಟರಲ್ಲಿ ನಮ್ಮ ಹಳೆಯ ಟ್ರ್ಯಾಕ್ಟರು ಉಸಿರು ಕಟ್ಟಿದಂತೆ ನಿಂತಿತು. ಮಾರಿದ ಅಂಗಡಿಗೆ ಫೋನು ಮಾಡಿದೆವು. ನಾಳೆ ಎಂದರು, ನಾಡಿದ್ದು ಎಂದರು. ಐದು ದಿನ ಕಳೆದವು. ಆರನೆಯ ದಿನ ನಮ್ಮೂರಿನ ಮಿಸ್ತ್ರಿ ಕಾಕಾ ತಾವಾಗಿಯೇ ಬಂದರು. ಎಪ್ಪತ್ತು ದಾಟಿದವರು, ಹಿಂದೆ ಟಾಟಾ ಗಾಡಿಯ ಕ್ಲೀನರು. ಎಣ್ಣೆಯ ಪೈಪಿನ ಮೇಲೆ ಬೆರಳಾಡಿಸಿ ನಕ್ಕರು. “ಮಾಸ್ತರ್ರ, ಎಂಜಿನ್ನಿಗಿ ಏನೂ ಆಗಿಲ್ರಿ. ಗಾಳಿ ಹೊಕ್ಕದ. ಹಸಿದವಗ ಗಾಳಿ ಉಣಿಸಿದ್ರ ದುಡಿತಾನೇನ್ರಿ?” ಎಂದರು. ಒಂದು ತಾಮ್ರದ ವಾಶರು ಸೀಳಿತ್ತು. ಅದನ್ನು ಬದಲಿಸಿ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ನೊರೆ ಹೋಗಿ ತಿಳಿ ಎಣ್ಣೆ ಬರುವ ತನಕ ಕೈಪಂಪು ಒತ್ತಿ ಗಾಳಿ ತೆಗೆದರು. ಅರ್ಧ ತಾಸಿನಲ್ಲಿ ಎಂಜಿನ್ನು ಗುಡುಗಿತು. ಆದರೆ ಹೋದ ಹದ ತಿರುಗಿ ಬರಲಿಲ್ಲ. ತಡವಾಗಿ ಬಿತ್ತಿದ ಎರಡು ಎಕರೆಯಲ್ಲಿ ಜೋಳ ಅಲ್ಲೊಂದು ಇಲ್ಲೊಂದು ಹುಟ್ಟಿತು. ಒತ್ತಡ, ಶಾಖ ಎಂದು ಸಾಲೆಯಲ್ಲಿ ಹಲಗೆಯ ಮೇಲೆ ಬರೆದು ಕಲಿಸುವ ನಮಗೆ ನಮ್ಮ ಹೊಲದಲ್ಲಿ ನಿಂತ ಎಂಜಿನ್ನು ಓದಲು ಬರಲಿಲ್ಲ. ಐದು ದಿನ ಓಣಿಯಲ್ಲೇ ಇದ್ದ ಕಾಕಾರನ್ನು ಕರೆಯಬೇಕೆಂಬ ಬುದ್ಧಿಯೂ ಹೊಳೆಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಂಥವರಿಗಾಗಿಯೇ ಹುಟ್ಟಿರಬೇಕು.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ನಾವು ಹೇಳುವದಿಲ್ಲ. ಆ ಗಾಡಿಗಳ ಸ್ಟೇರಿಂಗು ತಿರುವಿ ತಿರುವಿ ರಟ್ಟೆ ಬಿದ್ದವರನ್ನೂ, ಎಂಜಿನ್ನಿನ ಕಾವಿಗೆ ಬೆಂದವರನ್ನೂ ನಾವು ಬಲ್ಲೆವು. 2025ರ ಅಕ್ಟೋಬರ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ತಂಪು ಯಂತ್ರವಿರಬೇಕೆಂಬ ನಿಯಮ ಬಂದದ್ದು ನ್ಯಾಯವೇ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುವದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಸಾರಿತು. ಆದುದರಿಂದ ಹೊಗೆ ಕಾರುವ ಮುದಿ ಗಾಡಿ ಗುಜರಿಗೆ ಹೋದರೆ ಅಳಬೇಕಾಗಿಲ್ಲ. ಬಾವಿಯ ಮೇಲಿನ ಎಂಜಿನ್ನು ಹೋಗಿ ಕರೆಂಟಿನ ಇಲ್ಲವೆ ಸೂರ್ಯಶಕ್ತಿಯ ಪಂಪು ಬಂದರೆ ಒಳಿತೇ. ನಮ್ಮ ಚಿಂತೆ ಕಬ್ಬಿಣದ್ದಲ್ಲ, ಕೈವಿದ್ಯೆಯದು.

ಹೊಸ ಗಾಡಿಗಳಿಗೆ ಈ ವಿದ್ಯೆ ಯಾಕೆ ಎಂದು ಕೆಲವರು ಕೇಳುವರು. 2020ರ ಏಪ್ರಿಲ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಲಾರಿಯ ಎಣ್ಣೆಯನ್ನು ಕಂಪ್ಯೂಟರು ಅಳೆದು ಕೊಡುತ್ತದೆಂಬದು ನಿಜ. ಅದರ ಪೈಪಿನ ಒತ್ತಡ ಬಹಳ ಹೆಚ್ಚು; ಹಳೆಯ ಗಾಡಿಯ ಹಾಗೆ ಚಾಲೂ ಇರುವಾಗ ಪೈಪು ಸಡಿಲಿಸಿದರೆ ಎಣ್ಣೆಯ ಧಾರೆ ಚರ್ಮ ಸೀಳಿ ಒಳಹೋದೀತು. ಹೊಗೆ ಶುದ್ಧ ಮಾಡಲು ಹಾಕುವ ದ್ರಾವಣದಲ್ಲಿ ನೂರಕ್ಕೆ 32.5 ಪಾಲು ಯೂರಿಯಾ ಇರುವದು. ಅದೇ ಯೂರಿಯಾ ಎಂದು ಹೊಲದ ಚೀಲದಿಂದ ಕರಗಿಸಿ ಹಾಕಿದರೆ ಯಂತ್ರ ಕೆಡುವದು. ಇಷ್ಟಾದರೂ ಒಳಗಿನ ಧರ್ಮ ಬದಲಾಗಿಲ್ಲ: ಗಾಳಿ, ಒತ್ತಡ, ಎಣ್ಣೆ. ಹಳೆಯದನ್ನು ಬಲ್ಲವನು ಹೊಸದನ್ನು ಬೇಗ ಕಲಿತಾನು.

ಒಕ್ಕಲಿಗ ಬಂಧುಗಳೇ, ನಮ್ಮ ಸೂಚನೆ ಸಣ್ಣದು. ನಿಮ್ಮೂರಿನ ಮುದಿ ಮಿಸ್ತ್ರಿಯನ್ನು ಹುಡುಕಿರಿ. ಅಮಾವಾಸ್ಯೆಯ ದಿನ ಗಳೆ ಹೂಡುವದಿಲ್ಲ. ಆ ದಿನ ನಾಲ್ಕು ಹುಡುಗರನ್ನು, ಹುಡುಗಿಯರನ್ನೂ, ಅವರ ಮುಂದೆ ಕೂಡ್ರಿಸಿ ಒಂದು ಕೆಟ್ಟ ಎಂಜಿನ್ನು ಬಿಚ್ಚಿಸಿರಿ. ಅವರು ಹೇಳಿದ್ದನ್ನು ಮನೆಯ ಕನ್ನಡದಲ್ಲಿಯೇ ಒಂದು ವಹಿಯಲ್ಲಿ ಬರೆಯಿಸಿರಿ. ಸಾಲೆಯಲ್ಲಿ ಮರಾಠಿ ಓದುವ ಮಕ್ಕಳಿಗೆ ಎರಡೂ ಭಾಷೆಯಲ್ಲಿ ಯಂತ್ರ ತಿಳಿದರೆ ನಷ್ಟವೇನು? ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿ ಕುಳಿತ ಮಗನಿದ್ದರೆ ಐಟಿಐದಲ್ಲಿ ಮೆಕ್ಯಾನಿಕ್ ಡೀಸೆಲ್ ವಿಷಯಕ್ಕೆ ಹಚ್ಚಿರಿ. ಕಾಕಾರಿಂದ ಕೈ, ಅಲ್ಲಿಂದ ಪುಸ್ತಕ, ಎರಡೂ ಕೂಡಿದರೆ ಅವನಿಗೆ ಊರಲ್ಲೇ ಅನ್ನ ಸಿಕ್ಕೀತು, ಊರಿಗೆ ಹದ ತಪ್ಪಲಿಕ್ಕಿಲ್ಲ.

ನಾವು ಇದನ್ನು ಈ ದೀಪಾವಳಿಯ ಅಮಾವಾಸ್ಯೆಯಿಂದಲೇ ಹಿಡಿಯಬೇಕೆಂದಿದ್ದೇವೆ. ಕಾಕಾ ಒಪ್ಪಿದ್ದಾರೆ. ಒಂದೇ ಒಂದು ಕರಾರು ಹಾಕಿದ್ದಾರೆ: ಮೊದಲು ಪಾನಾ ಹಿಡಿಯಬೇಕಾದವರು ಮಾಸ್ತರರೇ!