ಫರ್ಮಾ ಎಡವಿದ ಸಂಖ್ಯೆ

2ನ್ನು 32 ಸಲ ಬರೆದು ಗುಣಿಸಿ, ಬಂದದ್ದಕ್ಕೆ 1 ಕೂಡಿಸಿದರೆ 4,29,49,67,297 ಸಿಗುತ್ತದೆ. ಓದುವುದಾದರೆ 429 ಕೋಟಿ 49 ಲಕ್ಷ 67 ಸಾವಿರದ 297. ಇದು ಅವಿಭಾಜ್ಯ ಸಂಖ್ಯೆಯೇ? ಹೌದೆಂದು ನಂಬಿದ್ದವನು ಸಾಮಾನ್ಯನಲ್ಲ. ಫ್ರಾನ್ಸಿನ ಪಿಯರ್ ದ ಫರ್ಮಾ.

ತುಲೂಸ್ ನಗರದ ನ್ಯಾಯಾಲಯದಲ್ಲಿ ಕೆಲಸ, ಬಿಡುವಿನಲ್ಲಿ ಗಣಿತ ಇವನ ರೂಢಿ. 2ರ 1, 2, 4, 8, 16ನೇ ಘಾತಗಳಿಗೆ 1 ಕೂಡಿಸಿ ನೋಡಿದ. 3, 5, 17, 257, 65537 ಬಂದವು. ಐದೂ ಅವಿಭಾಜ್ಯ! ಘಾತವನ್ನು ಹೀಗೆ ಇಮ್ಮಡಿಸುತ್ತ ಹೋದರೆ ಎಂದೆಂದೂ ಅವಿಭಾಜ್ಯವೇ ಬರುತ್ತದೆಂದು 1640ರಲ್ಲಿ ಗೆಳೆಯರಿಗೆ ಪತ್ರ ಬರೆದ. ಸಾಧನೆ ಕೈಗೆ ಸಿಕ್ಕಿಲ್ಲವೆಂದೂ ಒಪ್ಪಿಕೊಂಡ. ಅಷ್ಟರ ಮಟ್ಟಿಗೆ ಅವನು ಪ್ರಾಮಾಣಿಕ. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮೂರು ಬೆಲೆ ಹಾಕಿ ನೋಡಿ 'ಆದ್ದರಿಂದ ಸಾಧಿತವಾಯಿತು' ಎಂದು ಬರೆದುಬಿಡುತ್ತಾರೆ. ಅಂಕ ಕಳೆದಾಗ ಮನೆಯವರಿಗೂ ಬೇಸರ.

ಸುಮಾರು ತೊಂಬತ್ತು ವರ್ಷ ಆ ಮಾತು ಹಾಗೇ ಉಳಿಯಿತು. 1729ರಲ್ಲಿ ಗೋಲ್ಡ್‌ಬಾಕ್ ಇದನ್ನು ಆಯ್ಲರನ ಗಮನಕ್ಕೆ ತಂದ. 1732ರಲ್ಲಿ ಆಯ್ಲರ್ ಉತ್ತರ ಕೊಟ್ಟ: ಆರನೆಯ ಸಂಖ್ಯೆ 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ! ಈ ಸಂಖ್ಯೆಗೆ ಅವಿಭಾಜ್ಯ ಭಾಜಕ ಇದ್ದರೆ ಅದು 64ರ ಗುಣಕಕ್ಕಿಂತ 1 ಹೆಚ್ಚಿರಲೇಬೇಕು. ಅಂಥವು 193, 257, 449, 577, 641... ಐದನೆಯದರಲ್ಲೇ ಗುಟ್ಟು ರಟ್ಟು. ಈ ಉಪಾಯ ತಿಳಿಯದೆ 2, 3, 5, 7 ಎಂದು ಸಾಲಾಗಿ ಭಾಗಿಸುತ್ತ ಹೋದರೂ 641 ಬರುವುದು 116ನೆಯದಾಗಿ. ಫರ್ಮಾನಂಥವನಿಗೆ ಅದು ಕೆಲವು ಸಂಜೆಗಳ ಕೆಲಸ.

ಭಾಗಾಕಾರ ಮಾಡದೆಯೂ ಇದನ್ನು ತೋರಿಸಬಹುದು. ಪೆನ್ಸಿಲ್ ಹಿಡಿದು ಕುಳಿತರೆ ಒಂಬತ್ತನೇ ತರಗತಿಯವರಿಗೂ ಎಟಕುತ್ತದೆ. 640 ಎಂದರೆ 5 × 128, ಅಂದರೆ 5 × 2ರ 7ನೇ ಘಾತ. ಅದು 641ಕ್ಕಿಂತ ಒಂದು ಕಡಿಮೆ. ಶೇಷವನ್ನು −1 ಎನ್ನೋಣ. 640ರ ನಾಲ್ಕನೇ ಘಾತದ ಶೇಷ ಆಗ +1. ಆ ನಾಲ್ಕನೇ ಘಾತವೆಂದರೆ 625 × 2ರ 28ನೇ ಘಾತ. ಆದರೆ 625 ಎಂಬುದು 641ಕ್ಕಿಂತ 16 ಕಡಿಮೆ. ಆದ್ದರಿಂದ ಶೇಷದ ಲೆಕ್ಕದಲ್ಲಿ 625ರ ಬದಲು −16 ಇಡಬಹುದು. 16 ಎಂದರೆ 2ರ 4ನೇ ಘಾತ. 28ಕ್ಕೆ 4 ಸೇರಿ 32. ಅಂದರೆ −(2ರ 32ನೇ ಘಾತ) 641ರಿಂದ ಭಾಗಿಸಿದಾಗ 1 ಶೇಷ ಕೊಡುತ್ತದೆ. 2ರ 32ನೇ ಘಾತದ ಶೇಷ −1. ಅದಕ್ಕೆ 1 ಕೂಡಿಸಿದರೆ ಸೊನ್ನೆ!

ಫರ್ಮಾನ ಸಾಲಿನಲ್ಲಿ ಆ ಮೊದಲ ಐದರ ಆಚೆ ಇನ್ನೊಂದು ಅವಿಭಾಜ್ಯ ಸಂಖ್ಯೆ ಇಂದಿಗೂ ಸಿಕ್ಕಿಲ್ಲ. ಇಲ್ಲವೇ ಇಲ್ಲ ಎಂದು ಸಾಧಿಸಿದವರೂ ಇಲ್ಲ.

641ರ ಜೊತೆಗಾರ 67,00,417. ಇವೆರಡನ್ನೂ ಗುಣಿಸಿ ತಾಳೆ ನೋಡುವವರು ಕೈಯಿಂದಲೇ ಮಾಡಲಿ. ಅಂಗಡಿಯ ಎಂಟು ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಉತ್ತರ ಹಿಡಿಸುವುದಿಲ್ಲ.